ಕರಡಿ ಗುಹೆ, ಕೊನೆಯ ಸರದಿ

ಹನ್ನೊಂದು ಜನ. ವ್ಯೋರಿಕಾ ಎಣಿಸುತ್ತಾಳೆ
ಕುರಿ ಎಣಿಸಿದ ಹಾಗೆ, ಬೆರಳು ನೀಡಿ.
ಅವಳಪ್ಪ ಈ ಬಿಹೋರ್ ಗುಡ್ಡಕ್ಕೆ ಸಿಡಿಮದ್ದು ತುಂಬಿದವನು;
ಸುಣ್ಣಕ್ಕೆಂದು ಒಡೆದರೆ ಕತ್ತಲು ಸಿಕ್ಕಿತಂತೆ.

ಕಂಬಿಯಾಚೆ ಮರಿಕರಡಿ.
ಪಕ್ಕೆಲುಬಿನ ಮೇಲೆ ಸುಣ್ಣ ಹರಳುಗಟ್ಟಿ
ಎಲುಬು ಯಾವುದೋ, ಕಲ್ಲು ಯಾವುದೋ.
"ಆ ವರ್ಷ ಮೈಗೆ ಕೊಬ್ಬು ಹತ್ತಲಿಲ್ಲ," ಅಂದಳು,
"ಚಳಿಗೆ ಮಲಗಿತು, ಏಳಲಿಲ್ಲ."
ಗೋಡೆಯಲ್ಲಿ ಐದು ಉಗುರಿನ ಗೀರು,
ಅದರ ಪಕ್ಕ ಮುಟ್ಟಬೇಡಿ ಎಂಬ ಫಲಕ.

ಆಮೇಲೆ ದೀಪ ಆರಿಸಿದಳು,
ಒಂದು ನಿಮಿಷ, ದಿನದ ವಾಡಿಕೆ.
ಹನಿ.
ಬಹಳ ಹೊತ್ತಿಗೆ ಇನ್ನೊಂದು ಹನಿ.
ಯಾರದೋ ಹೊಟ್ಟೆ ಗುರ್ರೆಂದಿತು.
ಯಾರೂ ನಗಲಿಲ್ಲ.

ಹೊರಗೆ ಬಿಸಿಲು ಕಣ್ಣಿಗೆ ಚುಚ್ಚಿತು.
ಮತ್ತೆ ಎಣಿಸಿದಳು: ಹನ್ನೊಂದು.
ಗೂಡಂಗಡಿಯ ಪ್ಲಮ್ ಕಡುಬಿನ ಮುಂದೆ ನಿಂತು
ಎಲ್ಲರೂ ಬೇಕಾದ್ದಕ್ಕಿಂತ ಎರಡು ಹೆಚ್ಚೇ ಕೊಂಡೆವು.