ಹಸಿ ಆರೂತನಕ

ಒಬ್ಬರು ಎದ್ದು ಹೋದ ಮ್ಯಾಲ
ಇನ್ನೊಬ್ಬರು ಬರೂದ್ರಾಗ
ಹನ್ನೆರಡು ಮಿನಿಟು ನಂದು.

ಮದಲ ಹಾಸಿಗಿ.
ರೆಗ್ಜಿನ್ನು ಇನ್ನಾ ಬೆಚ್ಚಗಿರತೈತಿ.
ಎಡ ಮಗ್ಗಲಾಗಿ ಮಲಗಿದವರ ಭುಜದ ತೆಗ್ಗು
ನಿಧಾನಕ ಮ್ಯಾಲ ಏಳತೈತಿ.
ಜೊಲ್ಲಿನ ಕಲಿ, ಒಂದು ಹೆರಳಪಿನ್ನು,
ಮಂಪರಿನ್ಯಾಗ ಯಾರನ್ನೋ ಕರದ ಹೆಸರು.
ಹಾಳಿ ಹಳದಿ ಚೀಲಕ್ಕ, ಪಿನ್ನು ಸಿಸ್ಟರ್ ಕೈಗೆ.
ಹೆಸರು ಎಲ್ಲಿ ಹಾಕೂದಂತ
ಟ್ರೇನಿಂಗಿನ್ಯಾಗ ಯಾರೂ ಹೇಳಿಕೊಡಲಿಲ್ಲ.

ನಿನ್ನಿ ಒಬ್ಬ ವಕೀಲರು,
ಕರೇ ಕೋಟು ಹೊರಗ ಕುರ್ಚಿಗೆ ಹಾಕಿ ಬಂದವರು,
ದುರ್ಬೀನು ತಗದ ಮ್ಯಾಲ ಕಣ್ಣು ಮುಚ್ಚೇ
"ಚಂಪಾ, ರಸೀದಿ ಇಸ್ಕೊಂಡಿಯಿಲ್ಲೋ" ಅಂದ್ರು.
ಕೋಟು ತೊಡಿ ಮ್ಯಾಲ ಮಡಚಿಕೊಂಡು ಕುಂತ ಹೆಂಡತಿ
ಫಾರ್ಮಿನ್ಯಾಗ ಬರದ ಹೆಸರು ಲೀಲಾವತಿ.
ನಾ ನೆಲಾ ಒರಸಿದೆ.

ಬಾಜೂ ಖೋಲ್ಯಾಗ ಜಿಲಾನಿ ದುರ್ಬೀನು ತೊಳಿತಾನ.
ಉದ್ದನ್ನ ಬ್ರಶ್ಶು ಈ ತುದಿಗೆ ಹೊಕ್ಕು
ಆ ತುದಿಗೆ ಬೆಳ್ಳಗ ಬರೂತನಕ,
ಮತ್ತೊಮ್ಮೆ, ಮತ್ತೊಮ್ಮೆ.
ನಳ ಬಿಟ್ಟಽ ಇರತೈತಿ.
"ಈ ಪೈಪು ನನ್ನ ಮಗಗಿಂತ ಜಾಸ್ತಿ ಜಳಕಾ ಮಾಡತೈತಿ
ನೋಡಕ್ಕಾ" ಅಂತಾನ.
ಹಳೇ ಹುಬ್ಬಳ್ಳಿ ನಮ್ಮ ಓಣ್ಯಾಗ
ನೀರು ಎಂಟು ದಿನಕ್ಕೊಮ್ಮೆ.
ಬಂದ ರಾತ್ರಿ ಬ್ಯಾರಲ್ಲು, ಕೊಡಾ, ಬೋಗಾಣಿ,
ಹಾಲಿನ ಗಿಂಡಿ ಸುದ್ದಾ ತುಂಬಿ ಇಡತೇವಿ.
ಮೂರನೇ ದಿನದ ನೀರಿಗೆ ಒಂದು ವಾಸನಿ,
ಆರನೇ ದಿನದ್ದಕ್ಕ ಇನ್ನೊಂದು.
ಇಲ್ಲೆ ಹರಿಯೂ ಸಪ್ಪಳ ಕೇಳಿದ್ರ
ಕೈ ತಾನಽ ಕೊಡಾ ಹುಡಕತೈತಿ.

ಬಟ್ಟಿ ಮಡಚಿದ್ರ ಎಂಟು ಮೈ.
ಒಂದು ಮೈ ಒಂದಕ್ಕಽ.
ಬಾಗಲದ ಹಿಡಿಕಿ, ಮಾನಿಟರಿನ ಗುಂಡಿ,
ಬಾಜೂ ಕಟಾಂಜನ, ಅಂದ್ರ
ಅಂಜಿದವರು ಗಟ್ಟ್ಯಾಗಿ ಹಿಡಕೊಳ್ಳೂ ಜಾಗಾ.
ಅಲ್ಲೆ ಬೆವರಿನ ಬಟ್ಟು ನಾಕು.
ಹೊತ್ತಿಗಿಂತ ಒಂದೀಟು ಜಾಸ್ತಿ ತಿಕ್ಕತೇನಿ ಅಲ್ಲೆ.
ಯಾಕಂತ ಕೇಳಬ್ಯಾಡ್ರಿ.

ಆಮ್ಯಾಲ ಔಷಧ.
ಹಚ್ಚಿದ ಮ್ಯಾಲ ಒರಸಬಾರದು, ಊದಬಾರದು,
ಮೂರು ಮಿನಿಟು ಹಸಿ ಇರಬೇಕು,
ತಾನಽ ಆರಬೇಕು.
ಹಂಚಿನಾಳ ಡಾಕ್ಟರು ಬಾಗಲದಾಗಿಂದಽ
"ಆತೇನ್ ಹುಲಿಗೆವ್ವಾ? ಹೊರಗ ಒಂಬತ್ತು ಮಂದಿ ಅದಾರ,
ರಾತ್ರಿಯಿಂದ ಉಪಾಸ" ಅಂತಾರ,
ಬಂದು ಹಾಸಿಗಿಗೆ ಕೈ ಊರಾಕ ಹೋಗತಾರ.
"ಇನ್ನಾ ಹಸಿ ಐತ್ರಿ ಸರ್, ಮುಟ್ಟಬ್ಯಾಡ್ರಿ."
ಡಾಕ್ಟರು ಕೈ ಹಿಂದಕ ತಗೋತಾರ.

ಕುಂದಗೋಳದ ಹತ್ರ ಒಂದು ವಾಡೇದ ಹಿತ್ತಲ.
ಅವ್ವ ಸೆಗಣಿ ಬಳೀತಿದ್ಲು,
ನಾ ಐದು ವರ್ಷದಾಕಿ,
ಹಗ್ಗದ ಮ್ಯಾಲಿನ ಮಡಿ ಸೀರಿ ನೆರಳಾಗ ನಿಂತಿದ್ದೆ.
ಒಳಗಿಂದ ಇದಽ ಮಾತು ಬಂತು,
ಹಸಿ ಐತಿ, ಮುಟ್ಟಬ್ಯಾಡ.
ಸೀರಿ ಬಣ್ಣ ಈಗ ಮರತೈತಿ.
ಅಂಚಿನಿಂದ ಬೀಳೂ ಹನಿ
ಮಣ್ಣಾಗ ಸಣ್ಣ ತೂತು ಮಾಡಿತ್ತು,
ಅದು ನೆನಪೈತಿ.

ಮೂರು ಮಿನಿಟು ಸುಮ್ಮನ ನಿಲ್ಲತೇನಿ.
ಇಡೀ ಪಾಳಿಯೊಳಗ
ಕೈ ಕೆಳಗ ಬಿಟ್ಟು ನಿಲ್ಲಾಕ
ಪಗಾರ ಸಿಗೂದು ಇಷ್ಟಽ ಹೊತ್ತು.
ಹಸಿ ಅಂಚಿನಿಂದ ಒಳಗ ಸರೀತೈತಿ,
ನಡಬರಕ ಒಂದು ತ್ಯಾವ ಉಳೀತೈತಿ,
ರೊಟ್ಟಿಯಷ್ಟು, ಬಿಲ್ಲಿಯಷ್ಟು,
ಏನೂ ಇಲ್ಲ.

ರೋಜಲಿನ್ ಸಿಸ್ಟರು ಮುಂದಿನಾಕಿನ್ನ ಕರಕೊಂಡು ಬರತಾರ.
ಗದಗಿಂದ ನಸಿಕಿಲೆ ರೈಲಿಗೆ ಬಂದಾಕಿ,
ಬಳಿ ತಗದ ಮುಂಗೈಯಾಗ ಬಿಳೇ ಗುರುತು.
ಮಲಗೂಮುಂದ ಬೆನ್ನು ಜುಮ್ ಅಂತೈತಿ ಆಕಿಗೆ.
"ಥಣ್ಣಗೈತಲ್ಲಬೇ" ಅಂತಾಳ,
ಆಮ್ಯಾಲ ಸಣ್ಣ ದನಿಲೆ,
"ಇದರ ಮ್ಯಾಲ ಯಾರ್ಯಾರು ಮಲಗಿದ್ರೋ ಏನೋ."

ಇವತ್ತಿಗೆ ಆಕಿ ಹನ್ನೊಂದನೇದಾಕಿ.

"ಯಾರೂ ಇಲ್ಲವಾ" ಅಂತೇನಿ,
"ನೀನಽ ಮದಲು."