ಸೇತುವೆ ಇರುವ ಚಿತ್ರಗಳನ್ನು ಆರಿಸಿ

ನಾನು ಯಂತ್ರವಲ್ಲ ಎಂದು ಮೊದಲು ರುಜುವಾತು ಮಾಡಬೇಕಿತ್ತು.
ಕಾರವಾರದ ಕೋರ್ಟಿನೆದುರು ಮೂವತ್ತೊಂದು ವರ್ಷ
ಅರ್ಜಿ ಟೈಪು ಹೊಡೆದ ಬೆರಳಿಗೆ
ಈ ಮಾತು ತುಸು ಚುಚ್ಚಿತು.

ಒಂಬತ್ತು ಚೌಕ. ಸೇತುವೆ ಇರುವ ಚಿತ್ರಗಳನ್ನು ಆರಿಸಿ.
ಆರಿಸುತ್ತ ಹೋದೆ. ಎಂಟನೆಯದರಲ್ಲಿ ಬರೀ ನೀರು,
ನೀರಲ್ಲಿ ಎರಡು ಕಂಬ, ಮೇಲೆ ಏನೂ ಇಲ್ಲ.
ಇದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ?
"ಅಷ್ಟು ಯೋಚಿಸಿದರೆ ಹೊತ್ತು ಮೀರುತ್ತದೆ ಕಾಕಾ"
ಎಂದಳು ಅಣ್ಣನ ಮಗಳು ವೈಭವಿ.
ಮೀರಿತು.
ಮತ್ತೆ ಒಂಬತ್ತು ಚೌಕ, ಈ ಸಲ ಸೈಕಲ್ಲು.
ಸೈಕಲ್ಲಿನ ವಿಷಯದಲ್ಲಿ ನನಗೆ ಸಂಶಯವಿಲ್ಲ.

ಒಳಗೆ ಒಂದೇ ಪೆಟ್ಟಿಗೆ, ಅದರಲ್ಲಿ ಮಿಣುಕುವ ಗೆರೆ.
ಮೂಲೆಯಲ್ಲೊಂದು ಬಾಣ. ಒತ್ತಿದರೆ
ಏಳು ಹೆಸರು ಜಾರಿ ಬಂದವು,
ಹೆಸರಿನ ಬಾಲಕ್ಕೆ ಅಂಕಿ, ಚುಕ್ಕಿ, ಮತ್ತೆ ಅಂಕಿ.
"ಇವರೆಲ್ಲ ಯಾರ ಕಡೆಯವರು?"
"ಮಾಡೆಲ್ಲುಗಳು. ಒಬ್ಬರನ್ನೇ ಕೇಳು,
ಇಲ್ಲ, ಒಂದೇ ಪ್ರಶ್ನೆ ಮೂವರಿಗೆ ಹಾಕು."
ಬೈತಖೋಲದ ಹರಾಜಿನಲ್ಲಿ
ಒಂದು ಬುಟ್ಟಿ ಬಂಗಡೆಗೆ ಮೂರು ಬಾಯಿ ಕೂಗುವಂತೆ.

ನಮಸ್ಕಾರ ಎಂದು ಹೊಡೆದೆ.
ಒಂದು, ಸುತ್ತೋಲೆಯ ಕನ್ನಡದಲ್ಲಿ ಕೈಮುಗಿಯಿತು.
ಒಂದು, ಹೇಗಿದ್ದೀರಿ ಎಂದು ಕೇಳಿ ಸುಮ್ಮನಾಯಿತು.
ಮೂರನೆಯದು ಇಂಗ್ಲಿಷಿನಲ್ಲಿ ಶುರುಮಾಡಿ, ಗದರಿದ ಮೇಲೆ
ಕ್ಷಮೆ ಕೇಳಿ, ದಾರಿಗೆ ಬಂತು.

ಅಷ್ಟರಲ್ಲಿ ಸಾವಂತ್ರಿ ತಾಂಡೇಲ.
ಬುಟ್ಟಿ ಹೊರಗೆ, ತಾನು ಒಳಗೆ, ಸ್ಟೂಲಿನ ಮೇಲೆ.
"ಶಾಬು, ಬರಿ. ಕಾಳಿ ನದಿಯಲ್ಲಿ
ಬಿದ್ದ ಹಳೆ ಸೇತುವೆಯ ಕಬ್ಬಿಣಕ್ಕೆ ಸಿಕ್ಕಿ
ನನ್ನ ಗಂಡನ ಬಲೆ ಹರಿಯಿತು. ಪರಿಹಾರ ಬೇಕು."

ಮೂವರಿಗೂ ಹಾಕಿದೆ, ಅವಳ ಮಾತನ್ನು ಇದ್ದ ಹಾಗೇ.

ಒಂದನೆಯದು ಅರೆಗಳಿಗೆಯಲ್ಲಿ
ಎರಡು ಪುಟ ಹೆಣೆಯಿತು, ಮಾನ್ಯರೇ, ತಮ್ಮ ವಿಧೇಯಳು,
ನಡುವೆ ಒಂದು ಕಲಮು, ಅದರ ಉಪಕಲಮು.
ಈ ಅಂಗಡಿಯಲ್ಲಿ ಕೂತು ನಾನು ಹೊಡೆಯದ ಕಲಮು ಕಡಿಮೆ.
ಇದು ಯಾವ ಕಾಯ್ದೆಯಲ್ಲೂ ಇಲ್ಲ.

ಎರಡನೆಯದು ಬರೆಯಲೇ ಇಲ್ಲ. ಕೇಳಿತು:
ಯಾವ ಬಲೆ, ಎಷ್ಟಕ್ಕೆ ಕೊಂಡದ್ದು,
ಎಂದು ಹರಿದದ್ದು, ಕಂಡವರು ಯಾರು?
"ಇದು ನಮ್ಮ ಅತ್ತೆಯ ಜಾತಿ" ಎಂದಳು ಸಾವಂತ್ರಿ,
"ಕೇಳುವುದು ಮಾತ್ರ ಸರಿ ಕೇಳುತ್ತದೆ."

ಮೂರನೆಯದು ಬಹಳ ವಿನಯದಿಂದ ಹೇಳಿತು:
ಕ್ಷಮಿಸಿ. ಕಾಳಿಯ ಮೇಲಿನ ಹಳೆ ಸೇತುವೆ
ಬಳಕೆಯಲ್ಲಿದೆ. ವಾಹನಗಳು ಓಡಾಡುತ್ತಿವೆ.
ತಾವು ಬೇರೆ ಸೇತುವೆಯ ಕುರಿತು ಹೇಳುತ್ತಿರಬಹುದೇ?

ಯಾರೂ ನಗಲಿಲ್ಲ.
ಸೀಲಿಂಗ್ ಫ್ಯಾನು ಕಾಗದದ ಅಂಚು ಎತ್ತಿ ಎತ್ತಿ ಇಳಿಸಿತು.
"ಅವನ ಊರಲ್ಲಿ ಇನ್ನೂ ಬಿದ್ದಿಲ್ಲವೇನು?"
"ಅವನು ಓದಿದ್ದು ಅಲ್ಲಿಗೇ ನಿಂತಿದೆ, ಮಾವಶಿ.
ಆಮೇಲಿನದು ಅವನಿಗೆ ಯಾರೂ ಹೇಳಿಲ್ಲ."
"ಹೇಳಬೇಡ ಹಾಗಾದರೆ" ಎಂದಳು, ಚಿಲ್ಲರೆ ಎಣಿಸುತ್ತ.

ಎರಡನೆಯದಕ್ಕೆ ಅವಳು ಉತ್ತರ ಕೊಟ್ಟಳು, ನಾನು ಬೆರಳು ಕೊಟ್ಟೆ.
ಒಂದೇ ಪುಟ. ಹೆಬ್ಬೆಟ್ಟಲ್ಲ, ಸಹಿ. ಮೂವತ್ತು ರೂಪಾಯಿ.

ಸಂಜೆ ವೈಭವಿ ಹೋದ ಮೇಲೆ
ಬಾಣ ಒತ್ತಿ ಮೂರನೆಯದನ್ನೇ ಕರೆದೆ. ಹೊಸ ಮಾತುಕತೆ.
ಸದಾಶಿವಗಡಕ್ಕೆ ಹೋಗಬೇಕು, ಹಳೆ ಸೇತುವೆ ಮೇಲಿಂದ,
ಸೈಕಲ್ಲಿನಲ್ಲಿ ಆದೀತೇ?
ಖಂಡಿತ, ಎಂದಿತು. ಎಡಕ್ಕೆ ಸಮುದ್ರ,
ಬಲಕ್ಕೆ ನದಿ ಬರುವ ದಾರಿ, ಎದುರಿಗೆ ಗುಡ್ಡ,
ಗಾಳಿ ಜೋರಿರುತ್ತದೆ, ಅಂಚಿಗೆ ಹೋಗದಿರಿ.
ಗಾಳಿ ಜೋರೇ ಇತ್ತು. ಹದಿನೇಳರ ಮೊಣಕಾಲು,
ಬಾಡಿಗೆ ಸೈಕಲ್ಲು, ಗಂಟೆಗೆ ಎಂಟಾಣೆ,
ಕೆಳಗೆ ಯಾವುದೋ ದೋಣಿಯವನು ಬೈದದ್ದೂ ಕೇಳಿಸಿತು.
ಸೇತುವೆಗೆ ಇನ್ನೂ ಸಿಮೆಂಟಿನ ವಾಸನೆ.
ಅರ್ಧ ದಾಟಿದ್ದೆ.

ಇಂದಿನ ಉಚಿತ ಮಿತಿ ಮುಗಿದಿದೆ.
ನಾಳೆ ಮತ್ತೆ ಬನ್ನಿ.

ಸರಿ.
ಸೈಕಲ್ಲನ್ನು ಅಲ್ಲೇ ಕಟಕಟೆಗೆ ಒರಗಿಸಿ
ಅಂಗಡಿಯ ದೀಪ ಆರಿಸಿದೆ.