ಬೆನ್ನು ನೋಡಬಹುದು

ದುರ್ಗಿಗುಡಿಯ ಅಡ್ಡರಸ್ತೆ. ನನ್ನ ಬೈಂಡಿಂಗ್ ಅಂಗಡಿ.
ಷಟರ್ ಅರ್ಧಕ್ಕೆ ಇಳಿದ ಮೇಲೆ
ರಟ್ಟು ಕತ್ತರಿಸುವ ಮೇಜಿನ ಮೇಲೆ ಜಿಲ್ಲೆ ಬಿಚ್ಚಿಕೊಳ್ಳುತ್ತದೆ:
ಆಯನೂರು, ಕುಂಸಿ, ಆನಂದಪುರ, ಸಾಗರ,
ಇತ್ತ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ.
ಆಗುಂಬೆಗೆ ರಟ್ಟು ಸಾಲಲಿಲ್ಲ,
ಅರ್ಧ ಊರು ಮೇಜಿನ ಮೇಲೇ ಸೀಮೆಸುಣ್ಣದಲ್ಲಿದೆ.

ನಾಲ್ಕು ಅಂಗಿಗುಂಡಿ, ನಾಲ್ಕು ಬಸ್ಸು.
ದಾಳ ಬಿದ್ದಷ್ಟು ಊರು ಓಡಿಸು,
ಜನ ಹತ್ತಿಸು, ಇಳಿಸು, ಹುಣಸೆಬೀಜ ಎಣಿಸಿಕೋ;
ಕೊನೆಯ ಟ್ರಿಪ್ಪಿಗೆ ಯಾರ ಬಟ್ಟಲು ಭಾರವೋ ಅವರದ್ದು ಆಟ.
ಸರದಿಗೊಂದು ಚೀಟಿ ಎತ್ತಬೇಕು,
ಬೇಡವಾದರೆ ಒಂದು ಬೀಜ ತೆತ್ತು ಬಿಡಬಹುದು,
ಬಿಟ್ಟ ಚೀಟಿ ಪಕ್ಕದವರ ಹಣೆಬರಹ.
ಪಂಕ್ಚರ್. ಚೆಕಿಂಗ್. ಚಿಲ್ಲರೆ ಇಲ್ಲ.
ರಿಪ್ಪನ್‌ಪೇಟೆ ದಾರಿಗೆ ಮರ ಬಿದ್ದಿದೆ.

ಶುರುವಿನಲ್ಲಿ, ಮೊದಲು ಹೊರಟವರೇ ಗೆಲ್ಲುತ್ತಿದ್ದರು.
ಜಬೀವುಲ್ಲಾ ಸಾಹೇಬರು, ಬಸ್ ಸ್ಟ್ಯಾಂಡಿನಲ್ಲಿ
ಮೂವತ್ತೊಂದು ವರ್ಷ ಟೈಮು ಬರೆದವರು, ನಕ್ಕರು:
‘ಅದನ್ನ ಸರಿ ಮಾಡೋದಕ್ಕೇ ನನಗೆ ಸಂಬಳ ಕೊಡ್ತಿದ್ರು.’
ಕೊನೆಗೆ ಹೊರಡುವವರಿಗೆ ಮೂರು ಬೀಜ ಮುಂಗಡ ಕೊಟ್ಟೆವು.
ಎಲ್ಲರೂ ಕೊನೆಗೇ ನಿಂತರು.
ಎರಡಕ್ಕೆ ಇಳಿಸಿದೆವು.
ಗಣಿತದ ಹಾಲೇಶಪ್ಪ ಮೇಷ್ಟ್ರು ನಲವತ್ತು ಆಟ
ಹಳೇ ಹಾಜರಿ ಪುಸ್ತಕದಲ್ಲಿ ದಾಖಲಿಸಿ
‘ಈಗ ತಕ್ಕಡಿ ನೆಟ್ಟಗಾಯ್ತು’ ಎಂದು ಕನ್ನಡಕ ಒರೆಸಿಕೊಂಡರು.

ಅವತ್ತೇ ಬಂದಳು ತಬಸ್ಸುಮ್,
ಸಾಹೇಬರ ಮೊಮ್ಮಗಳು, ಐದನೇ ಕ್ಲಾಸು.
ಗೆದ್ದಳು.
ಸಾಗರದ ದರ ಇಳಿಸಿದೆವು, ಗೆದ್ದಳು.
ಹೊಸನಗರಕ್ಕೆ ಒಳದಾರಿ ತೆಗೆದೆವು, ಅದನ್ನು ತುಳಿಯದೆಯೇ ಗೆದ್ದಳು.
ನಿಯಮ ಹದಿನಾರಕ್ಕೇರಿತು,
ಓದಿ ಮುಗಿಸುವುದರೊಳಗೆ ಚಹಾ ಆರುತ್ತಿತ್ತು.
ಮೇಷ್ಟ್ರು ದಾಳವನ್ನು ಉಪ್ಪುನೀರಿನಲ್ಲಿ ತೇಲಿಬಿಟ್ಟು
ಯಾವ ಮುಖ ಮೇಲೇಳುತ್ತದೆಂದು
ಅರ್ಧ ಗಂಟೆ ಬಗ್ಗಿ ನೋಡಿದರು.

ಕೊನೆಗೆ ನಾನೇ ಕೇಳಿದೆ.

‘ಬಾಳೆಎಲೆ ತುದಿ ಬಂದ್ರೆ ಪಂಕ್ಚರ್ ಅಲ್ವಾ, ಗ್ರೇಸಿ ಆಂಟಿ?
ಸೊಂಡಿಲು ಅಂದ್ರೆ ಚೆಕಿಂಗು.
ನಿಮಗೆ ಗೊತ್ತಿರಲಿಲ್ವಾ?
ಆಟ ಅಂದ್ರೆ ಅದೇ ಅಂದ್ಕೊಂಡಿದ್ದೆ.’

ಮುಹೂರ್ತದ ತಾರೀಖು ತಪ್ಪಾಗಿ
ಪ್ರೆಸ್ಸಿನವರು ತೂಕಕ್ಕೆ ಹಾಕಿದ್ದ ಲಗ್ನಪತ್ರಿಕೆ.
ಆರನ್ನು ಒಟ್ಟಿಗೆ ಜೋಡಿಸಿ ಎಂಟಾಗಿ ಕತ್ತರಿಸಿದ್ದೆ,
ಇಪ್ಪತ್ತು ವರ್ಷದ ಕೈ, ಕೂದಲೆಳೆಯಷ್ಟೂ ಓರೆಯಿಲ್ಲ.
ಒಂದೊಂದು ತುಂಡಿನ ಕಟ್ಟಿಗೆ ಒಂದೊಂದು ವಿಘ್ನ ಬರೆಯುತ್ತ ಹೋಗಿದ್ದೆ,
ಬಿಳಿ ಮುಖ ಮಾತ್ರ ನೋಡುತ್ತ.
ಬೆನ್ನಿನಲ್ಲಿ ಯಾರದೋ ಮದುವೆ ನಡೆದಿತ್ತು.

ಮೇಷ್ಟ್ರು ನಲವತ್ತರ ಮೇಲಿನ ಆಟಗಳಿಗೆಲ್ಲ ಒಂದೇ ಗೆರೆ ಎಳೆದರು:
‘ಬೆನ್ನಿಗೆ ಕಂದು ಕಾಗದ ಅಂಟಿಸಿಬಿಡಿ.’
ಸಾಹೇಬರು ಬೆರಳಲ್ಲಿ ಬೀಜ ಉರುಳಿಸುತ್ತ ಕೂತರು.
‘ತಿರುವಿನಲ್ಲಿ ಬಸ್ಸು ಕಾಣೋ ಮೊದಲೇ
ಸದ್ದಲ್ಲೇ ಹೇಳ್ತಿದ್ದೆ, ಯಾವ ಗಾಡಿ, ಏನು ಕೆಟ್ಟಿದೆ ಅಂತ.
ಅದನ್ನ ಮೋಸ ಅಂತ ಯಾರೂ ಅನ್ಲಿಲ್ಲ, ಮೇಷ್ಟ್ರೇ.’

ಪೆನ್ಸಿಲ್ಲಿನಲ್ಲಿ ಬರೆದೆ. ಹದಿನೇಳು: ಬೆನ್ನು ನೋಡಬಹುದು.
ಬರೆದದ್ದೇ ತಡ, ಹಿಂದಿನ ಐದು ನಿಯಮ ತಾವಾಗಿ ಉದುರಿದವು.

ಮಾರನೆಯ ರಾತ್ರಿ ನಾಲ್ವರೂ ಊರುಗಳನ್ನು ಮರೆತು
ಕಟ್ಟಿನ ಮೇಲಿನ ಚೀಟಿಯನ್ನೇ ದಿಟ್ಟಿಸಿದೆವು.
ಬಾಳೆಎಲೆ ಕಂಡರೆ ಸಾಕು, ಎಲ್ಲರೂ ಬೀಜ ತೆತ್ತರು;
ಪಂಕ್ಚರ್ ಯಾರಿಗೂ ಆಗದೆ ಮೇಜು ಸುತ್ತಿತು,
ಮತ್ತೆ ಸುತ್ತಿತು.
ತಬಸ್ಸುಮ್ ಎರಡು ಸಲ ಸೋತಳು. ಮುನಿಸಿಲ್ಲ.
ಜಡೆಯ ತುದಿ ಕಚ್ಚಿಕೊಂಡು ಯೋಚಿಸುತ್ತಿದ್ದಳು.

‘ಆಂಟಿ, ಅದೇ ಮದುವೆ ಪತ್ರಿಕೆ ಇನ್ನೂ ಇದೆಯಾ?
ಎರಡೇ ಎರಡು ಬಾಳೆಎಲೆಗೆ ಬೇರೆ ಮುಖ ಬರೀರಿ.
ಯಾವ ಎರಡು ಅಂತ ನನಗೂ ಹೇಳ್ಬೇಡಿ.’

ಬರೆಯುವವಳಿಗೆ ಗೊತ್ತಿರುತ್ತದಲ್ಲ,
ಅದಕ್ಕೇನು ನಿಯಮ ಎಂದು ಯಾರೂ ಕೇಳಲಿಲ್ಲ.
ಮೇಷ್ಟ್ರು ಹೊಸ ಪುಟಕ್ಕೆ ತಾರೀಖು ಹಾಕಿದರು.
ನಾನು ಬ್ಲೇಡು ಬದಲಿಸಿದೆ.